ಮೈಸೂರು ಸಂಸ್ಥಾನದ ಆಯವ್ಯಯವೂ ಪ್ರಜಾಸಮ್ಮತಿಯೂ

ಲೆಕ್ಕವನ್ನು ಕುರಿತು ಕನ್ನಡದಲ್ಲಿ ಎರಡು ಮಾತುಗಳು ಬಳಕೆಯಲ್ಲಿರುವುವು. ‘ಲೆಕ್ಕ ಒಪ್ಪಿಸುವುದು’ ಎಂಬುದೊಂದು. ‘ಲೆಕ್ಕ ಒಪ್ಪುವುದು’ ಎಂಬುದು ಮತ್ತೊಂದು. ಧಾತುವು ಒಂದೇ ಆದರೂ ಕರ್ತೃಗಳು ಬೇರೆ. ಒಪ್ಪಿಸತಕ್ಕವನು ಅಧಿಕಾರಿ, ಒಪ್ಪತಕ್ಕವನು ಹಣದ ಒಡೆಯ. ಒಪ್ಪದೆ ಇರುವ ಅಧಿಕಾರವು ಯಾರಿಗೆ ಇಲ್ಲವೋ ಅವರ ಮುಂದೆ ಲೆಕ್ಕವನ್ನು ಓದಿದರೆ ಅದು ಕೇಳಿಸಿದಂತಾಗುವುದೇ ಹೊರತು ಒಪ್ಪಿಸಿದಂತಾಗದು. 1799ರಿಂದ 1950ರವರೆಗೆ ಮೈಸೂರು ಸಂಸ್ಥಾನದ ಹಣಕಾಸಿನ ಚರಿತ್ರೆಯನ್ನು ಪರಿಶೀಲಿಸಿದರೆ, ಆದಾಯವು ಹೇಗೆ ಬೆಳೆಯಿತೆಂಬುದಕ್ಕಿಂತಲೂ, ಕೇಳುತ್ತಿದ್ದ ಪ್ರಜೆಯು ಒಪ್ಪುವ ಪ್ರಜೆಯಾದುದು ಹೇಗೆ, ಅದಕ್ಕೆ ಅಷ್ಟು ಕಾಲ ಹಿಡಿದುದು ಏಕೆ ಎಂಬುದೇ ಮುಖ್ಯವಾದ ವಿಚಾರವಾಗಿ ತೋರಿಬರುವುದು.

ರಾಜ್ಯದ ಸಪ್ತಾಂಗಗಳಲ್ಲಿ ಕೋಶವೂ ಒಂದೆಂದು ನಮ್ಮ ಪ್ರಾಚೀನರು ಎಣಿಸಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಯ ಪ್ರತಿಯು ಬೆಳಕಿಗೆ ಬಂದುದು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿಯೇ; ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಆ ಗ್ರಂಥದಲ್ಲಿ ಸಮಾಹರ್ತೃವು ಹಣವನ್ನು ಕೂಡಿಸತಕ್ಕವನು, ಸನ್ನಿಧಾತೃವು ಅದನ್ನು ಕಾಪಾಡತಕ್ಕವನು, ಅಕ್ಷಪಟಲವು ಲೆಕ್ಕದ ಚಾವಡಿ. ಆಯವು ವರ್ತಮಾನ, ಪರ್ಯುಷಿತ, ಅನ್ಯಜಾತ ಎಂದು ಮೂರು ಬಗೆ. ಆಯದಲ್ಲಿ ವ್ಯಯವನ್ನು ಕಳೆದು ಉಳಿದುದಕ್ಕೆ ‘ನೀವೀ’ ಎಂದು ಹೆಸರು. ಈ ನೀವಿಯನ್ನೇ ನಮ್ಮ ಶಾನುಭೋಗರು ತಮ್ಮ ಖಿರ್ದಿಯಲ್ಲಿ ‘ಶಿಲ್ಕು’ ಎಂದು ಬರೆಯುತ್ತಿದ್ದರು. ವರ್ಷದ ಲೆಕ್ಕಗಳೆಲ್ಲವೂ ಆಷಾಢಮಾಸದಲ್ಲಿ ಚಾವಡಿಗೆ ಬರತಕ್ಕುದೆಂದೂ, ಆಗ ಮಹಾಮಾತ್ರರು ತಮ್ಮ ತಮ್ಮ ಇಲಾಖೆಯ ಲೆಕ್ಕವನ್ನು ಒಟ್ಟಾಗಿ ಕೇಳಿಸತಕ್ಕುದೆಂದೂ ಅಲ್ಲಿ ವಿಧಿ ಉಂಟು. ಕೇಳಿಸುವುದಕ್ಕೆ ವಿಧಿಯಿದೆ, ತೆರಿಗೆ ಕೊಟ್ಟವನು ಅದನ್ನು ಕೇಳಿ ಒಪ್ಪಬೇಕೆಂಬುದಕ್ಕೆ ಇಲ್ಲ. ಹಳೆಯ ಕಾಲದ ಆಯವ್ಯಯವು ಅರಸನ ಜಾಗರೂಕತೆಗೆ ಸಾಧನವಾಗಿತ್ತು, ಪ್ರಜೆಯ ಹಕ್ಕಾಗಿರಲಿಲ್ಲ ಎಂಬಷ್ಟನ್ನು ಇದರಿಂದ ತಿಳಿಯಬಹುದು. (ಮೈಸೂರು ಸಂಸ್ಥಾನದ ಲೆಕ್ಕದ ವರ್ಷವೂ ಜುಲೈ 1ರಂದು ಮೊದಲಾಗಿ ಜೂನ್ 30ರಂದು ಮುಗಿಯುತ್ತಿತ್ತು. ಇದು ಕೌಟಿಲ್ಯನನ್ನು ಅನುಸರಿಸಿ ಮಾಡಿದುದಲ್ಲ. ಮುಂಗಾರು ಬಿದ್ದು ಬೇಸಾಯ ಹಿಡಿಯುವ ಹೊತ್ತಿಗೆ ಹಳೆಯ ಬಾಕಿ ತೀರಿರುವುದು ಎರಡು ಕಾಲಕ್ಕೂ ಒಂದೇ ಆದುದರಿಂದ ಹಾಗೆ ಹೊಂದಿಕೊಂಡಿತೆನ್ನಬೇಕು.)

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ ರಾಜ್ಯವು ಒಡೆಯರ ವಂಶಕ್ಕೆ ಮರಳಿತಷ್ಟೆ. ಆಗ ಕಂಪೆನಿ ಸರ್ಕಾರದೊಡನೆ ಆದ ಸಂಧಿಯ ಪ್ರಕಾರ ಸಂಸ್ಥಾನವು ಪ್ರತಿವರ್ಷವೂ ಏಳು ಲಕ್ಷ ಸ್ಟಾರ್ ಪಗೋಡಾ, ಅಂದರೆ 24½ ಲಕ್ಷ ರೂಪಾಯಿಗಳನ್ನು, ಸೈನ್ಯದ ಸಹಾಯಕ್ಕಾಗಿ ಪೊಗದಿಯೆಂದು ತೆರಬೇಕಾಯಿತು. ಮಳೆ ಬರಲಿ ಬಾರದಿರಲಿ, ಬೆಳೆ ಆಗಲಿ ಆಗದಿರಲಿ, ಈ ಮೊತ್ತದಲ್ಲಿ ಕಾಸೂ ಕಡಮೆಯಾಗುವಂತಿರಲಿಲ್ಲ. ಇದಕ್ಕಿಂತ ಕಠಿನವಾದುದು ಅದೇ ಸಂಧಿಯ ಇನ್ನೊಂದು ಕಟ್ಟಳೆ. ಪೊಗದಿಯ ಹಣಕ್ಕೆ ಲೋಪ ಬರುವುದೆಂದು ಭಯವುಂಟಾದರೆ ಕಂಪೆನಿಯವರು ಸಂಸ್ಥಾನದ ಆಡಳಿತವನ್ನು ಸುಧಾರಿಸಲು ಕಟ್ಟುಮಾಡಬಹುದು, ಇಲ್ಲವೆ ಸೀಮೆಯನ್ನೇ ತಮ್ಮ ವಶಕ್ಕೆ ತೆಗೆದುಕೊಳ್ಳಬಹುದು ಎಂದು ಅದರಲ್ಲಿ ಬರೆದಿತ್ತು. ಕೋಶವು ರಾಜ್ಯಕ್ಕೆ ಮೂಲವೆಂಬುದು ಶಾಸ್ತ್ರವಾಕ್ಯವಾಗಿದ್ದುದು ಇಲ್ಲಿ ಕರಾರಿನ ಮಾತೇ ಆಯಿತು. ಬೊಕ್ಕಸ ಬರಿದಾದರೆ ರಾಜ್ಯವೇ ಹೋಗುವುದೆಂಬ ಷರತ್ತಿನ ಮೇಲೆ ನಿಂತ ಸರ್ಕಾರವು ತನ್ನ ಲೆಕ್ಕವನ್ನು ಯಾರ ಕಡೆಗೆ ಮುಖಮಾಡಿ ಬರೆಯುತ್ತಿದ್ದಿತೆಂದು ಬೇರೆ ಹೇಳಬೇಕಾದುದಿಲ್ಲ.

ದಿವಾನ್ ಪೂರ್ಣಯ್ಯನವರು ಈ ಷರತ್ತಿನ ಅರ್ಥವನ್ನು ಚೆನ್ನಾಗಿ ಬಲ್ಲವರಾಗಿದ್ದರು. 1811ರಲ್ಲಿ ಅವರು ಅಧಿಕಾರವನ್ನು ಬಿಡುವ ವೇಳೆಗೆ ಬೊಕ್ಕಸದಲ್ಲಿ ಎರಡು ಕೋಟಿಗೂ ಮಿಕ್ಕ ರೂಪಾಯಿಗಳು ಕೂಡಿದ್ದುವೆಂದು ರೈಸರ ಗ್ಯಾಸೆಟಿಯರಿನಲ್ಲಿ ಹೇಳಿದೆ. ಆ ಕಾಲದ ಸೀಮೆಗೆ ಇದು ಅಪಾರವಾದ ಹಣ. ಕೆಲವರು ಇದನ್ನು ಪೂರ್ಣಯ್ಯನವರ ದಕ್ಷತೆಯೆಂದು ಹೊಗಳುವರು. ಬಹಳ ಬಿಗಿಯಾಗಿ ವಸೂಲು ಮಾಡಿದ ಗುರುತೆಂದು ಕೆಲವರು ಆಕ್ಷೇಪಿಸುವರು. ಎರಡೂ ಸುಳ್ಳಲ್ಲ. ಆದರೆ ಸಂಧಿಯ ಕಟ್ಟಳೆಯನ್ನು ಮುಂದಿಟ್ಟುಕೊಂಡು ನೋಡಿದರೆ ಆ ನಿಧಿಯು ಸಂಸ್ಥಾನಕ್ಕೆ ಕೋಟೆಯ ಸ್ಥಾನದಲ್ಲಿದ್ದಿತೆಂದು ಹೇಳುವುದು ಹೆಚ್ಚು ನ್ಯಾಯವಾದೀತು.

ಆ ನಿಧಿಯು ಮುಂದಿನ ಇಪ್ಪತ್ತು ವರ್ಷಗಳಲ್ಲಿ ಕರಗಿತು. ಹಣದ ಮುಗ್ಗಟ್ಟು ಬಂದಹಾಗೆಲ್ಲ ‘ಶರತ್ತು’ ಎಂಬ ಪದ್ಧತಿಯು ಬಲವಾಯಿತು. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಷ್ಟು ಹಣವನ್ನು ತಂದು ಇರಸಾಲು ಮಾಡುವೆನೆಂದು ಮುಚ್ಚಳಿಕೆ ಬರೆದುಕೊಟ್ಟು ಕೆಲಸಕ್ಕೆ ಬರುವನು. ಕಡಮೆಯಾದರೆ ತನ್ನ ಕೈಯಿಂದ ತುಂಬಿಕೊಡತಕ್ಕುದು. ತನ್ನ ಕೈಯಿಂದ ಕೊಡುವವರು ವಿರಳ, ರಯತರ ಕೈಯಿಂದ ಕೀಳುವವರು ಬಹಳ. ಈ ಪದ್ಧತಿಯಲ್ಲಿ ಮುಂಗಡದ ಅಂದಾಜು, ಎಂದರೆ ದೌಲು, ಇತ್ತು, ಜಮಾ ಇತ್ತು, ಬಾಕಿಯೂ ಇತ್ತು. ಬಜೆಟ್ಟಿನ ಅಂಗಗಳೆಲ್ಲವೂ ಇದ್ದುವು, ರಯತನ ಮಾತು ಒಂದನ್ನುಳಿದು. ಆ ಮಾತು 1830ರಲ್ಲಿ ನಗರದ ದಂಗೆಯ ರೂಪದಲ್ಲಿ ಹೊರಟಿತು. ಮರುವರ್ಷವೇ, 1831ರಲ್ಲಿ, ಸಂಧಿಯ ಕಟ್ಟಳೆಯನ್ನು ಮುಂದುಮಾಡಿ ಆಂಗ್ಲೇಯರು ಆಡಳಿತವನ್ನು ವಹಿಸಿಕೊಂಡರು.

ಕಮಿಷನರುಗಳ ಆಡಳಿತವು ಐವತ್ತು ವರ್ಷ ನಡೆಯಿತು. ಮಾರ್ಕ್ ಕಬ್ಬನ್ನರ ಕಾಲದಲ್ಲಿ ರದ್ದಾದ ಸಣ್ಣ ತೆರಿಗೆಗಳ ಸಂಖ್ಯೆ 769 ಎಂದು ರೈಸರು ಬರೆದಿರುವರು. ಈ ಪಟ್ಟಿಯು ವಿಚಿತ್ರವಾದುದು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ. ಒಂದು ಹಳ್ಳಿಯವರು ತಮ್ಮ ಪೂರ್ವಿಕರು ಯಾವನೋ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತಲೆತಲಾಂತರದಿಂದ ತೆರುತ್ತಿದ್ದರು. ನಗರದ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿ ಹಿಡಿಯದೆ ನಡೆದುಹೋದವನೂ ತೆರಬೇಕಾಗಿತ್ತು. ಇವೆಲ್ಲವೂ ಸರ್ಕಾರದ ದಫ್ತರಗಳಲ್ಲಿ ಆದಾಯದ ಬಾಬುಗಳಾಗಿ ಕ್ರಮವಾಗಿ ದಾಖಲಾಗಿದ್ದುವು. ಪ್ರಾಚೀನ ಶಾಸನಗಳಲ್ಲಿ ಪೆರ್ಜುಂಕದ ಜೊತೆಯಲ್ಲಿ ‘ಕಿರುಕುಳ’ವೆಂಬ ಸಣ್ಣ ಸುಂಕದ ಹೆಸರು ಬರುವುದನ್ನು ಬಲ್ಲವರು, ಆ ಶಬ್ದಕ್ಕೆ ಈಗಿರುವ ಅರ್ಥವನ್ನು ನೆನೆದು, ಜನರು ಭಾಷೆಯಲ್ಲಿ ತೀರಿಸಿಕೊಂಡ ಸೇಡೋ ಏನೋ ಎಂದುಕೊಳ್ಳಬಹುದು. ಕುದುರೆ ಸತ್ತು, ಪಾಳೆಯಗಾರನು ಸತ್ತು, ಪಾಳೆಯಪಟ್ಟು ಅಳಿದರೂ ಬಾಬು ಮಾತ್ರ ಕಡತದಿಂದ ಅಳಿಯಲಿಲ್ಲ. ಏಕೆಂದರೆ, ವರ್ಷಕ್ಕೊಂದು ಸಲ ಪ್ರತಿಯೊಂದು ಬಾಬನ್ನೂ ಎತ್ತಿ ‘ಇದು ಏತಕ್ಕೆ?’ ಎಂದು ಕೇಳತಕ್ಕ ಸ್ಥಾನವು ಎಲ್ಲಿಯೂ ಇರಲಿಲ್ಲ. ಕಬ್ಬನ್ನರು ಕೇಳಿದರು, ತೆಗೆದುಹಾಕಿದರು. ಆದರೆ ಅವರು ಕೇಳಿದುದು ತಮ್ಮ ಅಧಿಕಾರದಿಂದ.

1876ರಿಂದ 1878ರವರೆಗಿನ ಕ್ಷಾಮವು ಎಲ್ಲ ಲೆಕ್ಕಗಳನ್ನೂ ತಲೆಕೆಳಗುಮಾಡಿತು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರವಿದ್ದ ಜನಸಂಖ್ಯೆಯು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಕೂಡಿಟ್ಟಿದ್ದ 63 ಲಕ್ಷ ರೂಪಾಯಿಗಳು ಮುಗಿದು, ಇಂಡಿಯಾ ಸರ್ಕಾರಕ್ಕೆ 80 ಲಕ್ಷ ರೂಪಾಯಿಗಳ ಸಾಲವು ನಿಂತಿತು.

ಇಂತಹ ಸ್ಥಿತಿಯಲ್ಲಿ 1881ರ ಮಾರ್ಚ್ 25ರಂದು ರಾಜ್ಯವು ಹತ್ತನೆಯ ಚಾಮರಾಜೇಂದ್ರ ಒಡೆಯರವರಿಗೆ ಒಪ್ಪಿಸಲ್ಪಟ್ಟಿತು. ಒಪ್ಪಿಸಿದ ಪತ್ರದಲ್ಲಿ ಎರಡು ಅಂಶಗಳು ಇಲ್ಲಿಗೆ ಮುಖ್ಯವಾದುವು. ಪೊಗದಿಯು 24½ ಲಕ್ಷದಿಂದ 35 ಲಕ್ಷಕ್ಕೆ ಏರತಕ್ಕುದು. ಆಡಳಿತದ ಪದ್ಧತಿಯಲ್ಲಿ ಗವರ್ನರ್ ಜನರಲ್ಲರ ಸಮ್ಮತಿಯಿಲ್ಲದೆ ದೊಡ್ಡ ಮಾರ್ಪಾಟು ಕೂಡದು. ಕ್ಷಾಮದ ಸಾಲವನ್ನು ನೋಡಿ ಹೆಚ್ಚಿನ 10½ ಲಕ್ಷವನ್ನು ಮೊದಲು 1886ರವರೆಗೂ, ಅನಂತರ 1896ರವರೆಗೂ ಮುಂದಕ್ಕೆ ಹಾಕಲಾಯಿತು. ಆಗಿನ ಸಂಸ್ಥಾನದ ಆದಾಯವು ಸುಮಾರು 103 ಲಕ್ಷ. ಆದುದರಿಂದ ಹಳೆಯ ಪೊಗದಿಯೇ ಆದಾಯದ ಕಾಲುಪಾಲಿಗೆ ಹತ್ತಿರವಾಗಿತ್ತು. ಹೊಸದನ್ನು ಆಗಲೇ ತೆರಬೇಕಾಗಿದ್ದರೆ ಮೂರರಲ್ಲೊಂದು ಪಾಲು ಹೋಗುತ್ತಿದ್ದಿತು.

ದಿವಾನ್ ಸಿ. ರಂಗಾಚಾರ್ಲುರವರು ಅದೇ ವರ್ಷದ ಆಗಸ್ಟ್ 25ರ ಆಜ್ಞೆಯಿಂದ ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ಸರ್ಕಾರದವರು ಕೈಕೊಂಡ ಕಾರ್ಯಗಳ ಉದ್ದೇಶವನ್ನು ಜನರು ಚೆನ್ನಾಗಿ ತಿಳಿಯಬೇಕು, ಕಳೆದ ವರ್ಷದ ಆಡಳಿತದ ಫಲವನ್ನೂ ಬರುವ ವರ್ಷದ ಸಂಕಲ್ಪವನ್ನೂ ಪ್ರಜೆಗಳ ಪ್ರತಿನಿಧಿಗಳಿಗೆ ಅರಿಕೆಮಾಡಬೇಕು ಎಂಬುದು ಆ ಆಜ್ಞೆಯ ತಾತ್ಪರ್ಯ. 1881ರ ಅಕ್ಟೋಬರ್ 7ರಂದು, ದಸರೆಯ ಸಂದರ್ಭದಲ್ಲಿ, ಮೈಸೂರಿನಲ್ಲಿ ಮೊದಲನೆಯ ಸಭೆ ಸೇರಿತು. ಬಂದವರು 144 ಮಂದಿ. ತಾಲ್ಲೂಕುಗಳಿಂದ ಆರಿಸಿ ಕಳುಹಿಸಿದ ಜಮೀನುದಾರ ರಯತರೂ ಜಿಲ್ಲೆಗಳಿಂದ ಬಂದ ವರ್ತಕರೂ ಅವರಲ್ಲಿದ್ದರು. ದೇಶೀಯ ಸಂಸ್ಥಾನಗಳಲ್ಲಿ ಇಂತಹ ಸಭೆ ಇದೇ ಮೊದಲನೆಯದು. ಅಂದಿನವರೆಗೆ ಜಮಾಬಂದಿಯಲ್ಲಿ ಅಮಲ್ದಾರನ ಮುಂದೆ ಕೈಕಟ್ಟಿ ನಿಂತು ತನ್ನ ಹಿಡುವಳಿಯ ಲೆಕ್ಕವನ್ನು ಮಾತ್ರ ಕೇಳಿ ಬಲ್ಲವನಾಗಿದ್ದ ರಯತನು, ಇಡೀ ಸಂಸ್ಥಾನದ ಹಣಕಾಸಿನ ಸ್ಥಿತಿಯನ್ನು ದಿವಾನರ ಬಾಯಿಂದ ಕೇಳಿದನು. ತಾನು ತೆತ್ತ ಕಂದಾಯವು ಯಾವ ಕೆರೆಗೆ, ಯಾವ ರಸ್ತೆಗೆ, ಯಾವ ಸಾಲಕ್ಕೆ ಹೋಯಿತೆಂದು ಕೇಳುವ ಬುದ್ಧಿಯು ಹೀಗೆ ಕೇಳಿದವನಿಗಲ್ಲದೆ ಹುಟ್ಟದು.

ಆದರೂ ಸಭೆಗೆ ಇದ್ದ ಅಧಿಕಾರವೆಷ್ಟು? ಪ್ರತಿನಿಧಿಗಳು ತಮ್ಮ ಸೀಮೆಯ ಅಹವಾಲುಗಳನ್ನು ಹೇಳಿಕೊಳ್ಳಬಹುದಾಗಿತ್ತು. ದಿವಾನರು ಉತ್ತರ ಕೊಡುವರು. ಮತ ತೆಗೆದುಕೊಳ್ಳುವುದಿಲ್ಲ, ಒಂದು ಬಾಬನ್ನು ತಗ್ಗಿಸುವ ಶಕ್ತಿಯಾಗಲಿ ತೆರಿಗೆಯನ್ನು ತಡೆಯುವ ಶಕ್ತಿಯಾಗಲಿ ಇಲ್ಲ. ಸಭೆಯು ನಿಂತಿದ್ದುದೂ ಕಾನೂನಿನ ಮೇಲಲ್ಲ, ಒಂದು ಆಜ್ಞೆಯ ಮೇಲೆ. ರಂಗಾಚಾರ್ಲುರವರನ್ನು ಕೊಂಡಾಡುವವರು ಇದನ್ನು ಸಂಸತ್ತಿನ ಬೀಜವೆನ್ನುವರು. ಹಳಿಯುವವರು ದಸರೆಯ ದರ್ಬಾರಿನ ಇನ್ನೊಂದು ಮುಖವೆಂದರು. ಸಭೆಯ ನಡವಳಿಯನ್ನು ನೋಡಿದರೆ ಎರಡನೆಯ ಮಾತಿಗೆ ಆಧಾರ ಹೆಚ್ಚು. ಅದರ ಮುಂದಿನ ಚರಿತ್ರೆಯನ್ನು ನೋಡಿದರೆ ಮೊದಲನೆಯದಕ್ಕೆ. ರಂಗಾಚಾರ್ಲುರವರು ಅದನ್ನು ಬೆಳಸುವಷ್ಟು ಕಾಲ ಬದುಕಲಿಲ್ಲ. 1883ರ ಜನವರಿಯಲ್ಲಿ ಕಾಲವಾದರು.

ಅನಂತರ ಬಂದ ಸರ್ ಕೆ. ಶೇಷಾದ್ರಿ ಅಯ್ಯರ್‌ರವರ ಹದಿನೆಂಟು ವರ್ಷಗಳಲ್ಲಿ ಬೊಕ್ಕಸವು ತುಂಬಿತು. ರೈಲುದಾರಿಗಳಾದುವು, ನೀರಾವರಿ ಹೆಚ್ಚಿತು, ಕೋಲಾರದ ಚಿನ್ನದ ಗಣಿಗಳಿಂದ ರಾಜಧನವು ಬರತೊಡಗಿತು. ಅವರು ಯೋಜಿಸಿದ ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಆ ಗಣಿಗಳನ್ನು ಮುಟ್ಟಿತು. ಅವರ ದಿವಾನಗಿರಿಯ ಕೊನೆಯ ಹೊತ್ತಿಗೆ ಆದಾಯವು 180 ಲಕ್ಷದ ಮಟ್ಟಕ್ಕೆ ಬಂದಿತ್ತು. 1896ರಿಂದ ಪೂರ್ತಿ 35 ಲಕ್ಷವನ್ನು ತೆರಬೇಕಾಗಿ ಬಂದರೂ ಅದು ಆದಾಯದ ಐದರಲ್ಲೊಂದು ಪಾಲನ್ನು ಮೀರದಂತಾಯಿತು. 1891ರಿಂದ ಪ್ರತಿನಿಧಿಗಳನ್ನು ಚುನಾವಣೆಯಿಂದ ಆರಿಸುವ ಕ್ರಮವೂ ಬಂದಿತು. ಆದರೆ ಬೊಕ್ಕಸವು ತುಂಬಿದಷ್ಟು ಬೇಗ ಸಭೆಯ ಅಧಿಕಾರವು ತುಂಬಲಿಲ್ಲ. ದಕ್ಷನಾದ ದಿವಾನನಿರುವಾಗ ಸಭೆಯು ಏತಕ್ಕೆ ಎಂಬ ಭಾವನೆಯು ಅಧಿಕಾರಿವರ್ಗದಲ್ಲಿ ಬೇರೂರಿದ್ದುದು ಇದಕ್ಕೆ ಒಂದು ಕಾರಣ. ಪೊಗದಿಯು ಇನ್ನೊಂದು. ವೆಚ್ಚದ ಬಾಬುಗಳಲ್ಲೆಲ್ಲ ದೊಡ್ಡದರಲ್ಲಿ ಒಂದಾದ ಇದು ದಿವಾನರ ಕೈಯಲ್ಲಿಯೂ ಇರಲಿಲ್ಲ, ಮಹಾರಾಜರ ಕೈಯಲ್ಲಿಯೂ ಇರಲಿಲ್ಲ. ತಾನೇ ಇಲ್ಲವೆನ್ನಲಾರದ ವೆಚ್ಚವನ್ನು ಸರ್ಕಾರವು ಪ್ರಜೆಗಳ ಒಪ್ಪಿಗೆಗೆ ಇಡುವುದೆಂತು?

1907ರಲ್ಲಿ ನ್ಯಾಯವಿಧಾಯಕ ಸಭೆಯು ಸ್ಥಾಪಿತವಾಯಿತು. ಮೊದಲಲ್ಲಿ ಅದರ ಕೆಲಸವು ಕಾನೂನಿನ ಮಸೂದೆಗಳಿಗಷ್ಟೇ ಸಲ್ಲುತ್ತಿತ್ತು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–1918ರ ಅವಧಿಯಲ್ಲಿ ಬಜೆಟ್ಟಿನ ಚರ್ಚೆಯು ಅದಕ್ಕೆ ಸೇರಿತು. 1917ರಿಂದ ಪ್ರಜಾಪ್ರತಿನಿಧಿ ಸಭೆಯು ದಸರೆಯಲ್ಲಲ್ಲದೆ ಜೂನ್ ತಿಂಗಳಲ್ಲಿ ಮಹಾರಾಜರ ವರ್ಧಂತಿಯ ಕಾಲದಲ್ಲಿಯೂ ಸೇರತೊಡಗಿತು. ಇದು ಮೇಲ್ನೋಟಕ್ಕೆ ಇನ್ನೊಂದು ಉತ್ಸವದಂತೆ ಕಂಡರೂ ಇದರಲ್ಲಿ ದೊಡ್ಡ ಅಂತರವುಂಟು. ದಸರೆಯ ಹೊತ್ತಿಗೆ ಹೊಸ ವರ್ಷದ ಮೂರು ತಿಂಗಳು ಕಳೆದು ವೆಚ್ಚವು ನಡೆದೇ ಇರುವುದು. ಆಗ ಕೇಳುವುದು ಆಗಿಹೋದುದನ್ನು. ಜೂನಿನಲ್ಲಿಯಾದರೋ ಜುಲೈ 1 ಇನ್ನೂ ಬಂದಿರುವುದಿಲ್ಲ. ಆಗ ಕೇಳುವುದು ಆಗಬೇಕಾದುದನ್ನು. ಹಾಗೆ, ಲೆಕ್ಕವನ್ನು ಕೇಳುವ ಕಾಲವನ್ನು ಹಿಂದಕ್ಕೆ ಸರಿಸಿದ ಮಾತ್ರದಿಂದಲೇ ಕೇಳುವವನ ಸ್ಥಾನವು ಮುಂದಕ್ಕೆ ಬಂದಿತು.

ಒಪ್ಪಿಗೆಯ ಮಾತು ಕಾನೂನಿನಲ್ಲಿ ಬಂದುದು 1923ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ವೈಸ್ ಛಾನ್ಸಲರಾಗಿದ್ದ ಬ್ರಜೇಂದ್ರನಾಥ ಸೀಲರ ಅಧ್ಯಕ್ಷತೆಯ ಸಮಿತಿಯ ವರದಿಯನ್ನನುಸರಿಸಿ ಎರಡು ಸಭೆಗಳೂ ಶಾಸನಬದ್ಧವಾದುವು. ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳದೆ ಹೊಸ ತೆರಿಗೆಯನ್ನು ಹಾಕಕೂಡದೆಂದೂ, ಬಜೆಟ್ಟನ್ನು ಕುರಿತು ಅದು ನಿರ್ಣಯಗಳನ್ನು ಮಾಡಬಹುದೆಂದೂ ಆಯಿತು. ಬೇಡಿಕೆಗಳ ಮೇಲೆ ಮತಕೊಡುವ ಹಕ್ಕು ನ್ಯಾಯವಿಧಾಯಕ ಸಭೆಗೆ ದೊರೆಯಿತು. ಕುದುರೆಯ ತೆರಿಗೆಯಂತಹ ಬಾಬನ್ನು ಹಿಡಿದೆತ್ತಿ ‘ಇದು ಏತಕ್ಕೆ?’ ಎಂದು ಕೇಳಿ, ಉತ್ತರವು ಸಾಲದಿದ್ದರೆ ಬೇಡವೆನ್ನುವ ಸ್ಥಾನವು ಮೈಸೂರಿನಲ್ಲಿ ಉಂಟಾದುದು ಆಗ. ಅರಮನೆಯ ವೆಚ್ಚ, ಸೈನ್ಯ, ಸಂಧಿಗಳಿಂದ ಬಂದ ಹೊಣೆ ಇವು ಮತದಿಂದ ಹೊರಗೇ ಉಳಿದುವು. ಅಂತಿಮವಾದ ಅಧಿಕಾರವು ಮಹಾರಾಜರಲ್ಲಿಯೇ ಇದ್ದಿತು. ಪೊಗದಿಯನ್ನು 24½ ಲಕ್ಷಕ್ಕೆ ಇಳಿಸಿದುದನ್ನು 1927ರಲ್ಲಿ ಲಾರ್ಡ್ ಇರ್ವಿನ್ನರು ಸಾರಿದರು. ಅಷ್ಟರೊಳಗೆ 1896ರಿಂದ ಆ ಹೆಚ್ಚಿನ 10½ ಲಕ್ಷದ ಬಾಬಿನಲ್ಲಿ ಸಂಸ್ಥಾನದಿಂದ ಹೊರಟುಹೋದುದು ಮೂರು ಕೋಟಿ ರೂಪಾಯಿಗಳಿಗೂ ಮಿಕ್ಕಿತ್ತು. ಏರಿದಾಗಲೂ ಇಳಿದಾಗಲೂ ಮೈಸೂರಿನ ಯಾವ ಸಭೆಯಲ್ಲಿಯೂ ಅದಕ್ಕೆ ಮತ ತೆಗೆದುದಿಲ್ಲ.

ಮುಂದಿನದು ಬೇಗನೆ ನಡೆಯಿತು. 1947ರ ಆಗಸ್ಟ್ 15ರಂದು ಬ್ರಿಟಿಷರ ಪರಮಾಧಿಕಾರವು ಅಳಿದು, 1799ರ ಸಂಧಿಯಿಂದ ಮೊದಲಾದ ಹೊಣೆಯ ಬುಡವು ಕಡಿಯಿತು. ಅದೇ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. 1950ರ ಜನವರಿ 26ರಂದು ಸಂವಿಧಾನವು ಜಾರಿಗೆ ಬಂದು, ಏಪ್ರಿಲ್ 1ರಿಂದ ಹಣಕಾಸಿನ ಒಕ್ಕೂಟವೂ ಆಯಿತು: ರೈಲು, ವರಮಾನದ ತೆರಿಗೆ ಮೊದಲಾದುವು ಕೇಂದ್ರಕ್ಕೆ ಸೇರಿದುವು. ಲೆಕ್ಕದ ವರ್ಷವು ಏಪ್ರಿಲ್ಲಿನಲ್ಲಿ ಮೊದಲಾಗುವುದಾಯಿತು; ಆಷಾಢದ ನಂಟು ಅಲ್ಲಿಗೆ ತೀರಿತು.

ಸಂವಿಧಾನದ 202ನೆಯ ಅನುಚ್ಛೇದದಂತೆ ರಾಜ್ಯದ ವಾರ್ಷಿಕ ಹಣಕಾಸಿನ ವಿವರಣವು ವಿಧಾನಮಂಡಲದ ಮುಂದೆ ಬರತಕ್ಕುದು. 203ರಂತೆ ವೆಚ್ಚದ ಬೇಡಿಕೆಗಳು ವಿಧಾನಸಭೆಯ ಮತಕ್ಕೆ ಬರತಕ್ಕುವು. ಸಭೆಯು ಒಪ್ಪಬಹುದು, ತಗ್ಗಿಸಬಹುದು, ನಿರಾಕರಿಸಬಹುದು. 204ರಂತೆ ಧನವಿನಿಯೋಗದ ಕಾನೂನು ಆಗದೆ ಸಂಚಿತ ನಿಧಿಯಿಂದ ಹಣವನ್ನು ತೆಗೆಯುವಂತಿಲ್ಲ. ಮತಕ್ಕೆ ಬಾರದ ಬಾಬುಗಳು ಇಲ್ಲಿಯೂ ಇವೆ: ರಾಜ್ಯಪಾಲರ ವೇತನ, ಉಚ್ಚ ನ್ಯಾಯಾಲಯದ ನ್ಯಾಯಾಧೀಶರ ವೇತನ, ರಾಜ್ಯದ ಸಾಲದ ಬಡ್ಡಿ ಮೊದಲಾದುವು. ಇವಕ್ಕೆ ‘ಪ್ರಭೃತ’ ವೆಚ್ಚವೆಂದು ಹೆಸರು. ಪೊಗದಿಗೂ ಇವಕ್ಕೂ ಇರುವ ಭೇದವನ್ನು ಗಮನಿಸಬೇಕು. ಪೊಗದಿಯನ್ನು ಗೊತ್ತುಮಾಡಿದುದು ಪರರ ಸಂಧಿ. ಪ್ರಭೃತ ವೆಚ್ಚವನ್ನು ಗೊತ್ತುಮಾಡಿದುದು ಜನರೇ ಅಂಗೀಕರಿಸಿದ ಸಂವಿಧಾನ. ಅಲ್ಲದೆ ಇವುಗಳ ಮೇಲೆ ಮತವಿಲ್ಲದಿದ್ದರೂ ಚರ್ಚೆಗೆ ತಡೆಯಿಲ್ಲವೆಂದು 203ರಲ್ಲಿಯೇ ಸ್ಪಷ್ಟಪಡಿಸಿದೆ. ಸಾಲವು ಬೆಳೆದಂತೆ ಬಡ್ಡಿಯೂ ಬೆಳೆಯುವುದಾದುದರಿಂದ, ಮತದ ಹೊರಗಿರುವ ಈ ಭಾಗವನ್ನು ಹತೋಟಿಯಲ್ಲಿಡುವುದೂ ಸಭೆಯ ಹೊಣೆಯೇ ಆಯಿತು. ಕರ್ನಾಟಕವು 2002ರಲ್ಲಿ ವಿತ್ತೀಯ ಹೊಣೆಗಾರಿಕೆಯ ಅಧಿನಿಯಮವನ್ನು, ರಾಜ್ಯಗಳಲ್ಲೆಲ್ಲ ಮೊದಲಾಗಿ, ಮಾಡಿಕೊಂಡುದರ ಉದ್ದೇಶವೂ ಇದೇ.

ಹಣವು ಹೊರಗಿನಿಂದ ಬರುವ ಮತ್ತು ಹೊರಕ್ಕೆ ಹೋಗುವ ಪ್ರಶ್ನೆಯು ಮಾತ್ರ ಬೇರೆ ರೂಪದಲ್ಲಿ ಉಳಿದಿದೆ. ಕೇಂದ್ರದ ತೆರಿಗೆಗಳಲ್ಲಿ ರಾಜ್ಯಗಳ ಪಾಲನ್ನು 280ನೆಯ ಅನುಚ್ಛೇದದ ಹಣಕಾಸು ಆಯೋಗವು ಸೂಚಿಸುವುದು. ರಾಜ್ಯಗಳಿಗೆ ಹಂಚುವ ಭಾಗದಲ್ಲಿ ಕರ್ನಾಟಕದ ಪಾಲು ಹದಿನಾಲ್ಕನೆಯ ಆಯೋಗದಲ್ಲಿ ನೂರಕ್ಕೆ 4.713 ಇದ್ದುದು ಹದಿನೈದನೆಯದರಲ್ಲಿ 3.647ಕ್ಕೆ ಇಳಿದುದರಿಂದ ಬಹಳ ವಾದವಿವಾದಗಳಾದುವು. ಆ ವಾದದ ನ್ಯಾಯಾನ್ಯಾಯಗಳು ಈ ಲೇಖನದ ವಿಷಯವಲ್ಲ. ಆಯೋಗದ ಮುಂದೆ ರಾಜ್ಯವು ತನ್ನ ಅರಿಕೆಯನ್ನು ಬರೆದುಕೊಡುವುದು, ಆಯೋಗವು ಕಾರಣಗಳನ್ನು ಬರೆದು ವರದಿ ಕೊಡುವುದು, ಐದು ವರ್ಷಕ್ಕೊಮ್ಮೆ ಅದು ಮತ್ತೆ ವಿಚಾರಕ್ಕೆ ಬರುವುದು ಎಂಬ ಮೂರು ಅಂಶಗಳು 1896ರಲ್ಲಿ ಇರಲಿಲ್ಲವೆಂಬುದಷ್ಟೇ ಇಲ್ಲಿ ಪ್ರಕೃತ.

2025ರ ಮಾರ್ಚ್ 7ರಂದು ವಿಧಾನಸಭೆಯಲ್ಲಿ ಮಂಡಿಸಲ್ಪಟ್ಟ 2025–26ರ ಕರ್ನಾಟಕದ ಆಯವ್ಯಯದ ಗಾತ್ರವು 4,09,549 ಕೋಟಿ ರೂಪಾಯಿಗಳು. ರಂಗಾಚಾರ್ಲುರವರು 144 ಮಂದಿಯ ಮುಂದೆ ವಿವರಿಸಿದ ಒಂದು ಕೋಟಿ ಚಿಲ್ಲರೆಯ ಲೆಕ್ಕಕ್ಕೂ ಇದಕ್ಕೂ, ಸೀಮೆಯ ಎಲ್ಲೆಯೂ ಹಣದ ಬೆಲೆಯೂ ಬೇರೆಯಾದುದರಿಂದ, ಹೋಲಿಕೆ ಸಲ್ಲದು. ಅಂದು ಓದಿ ಮುಗಿಸಿದಮೇಲೆ ಪ್ರತಿನಿಧಿಗಳು ತಮ್ಮ ಅಹವಾಲುಗಳನ್ನು ಹೇಳಿಕೊಂಡು ಊರಿಗೆ ಹಿಂತಿರುಗಿದರು. ಈಗ ಓದಿ ಮುಗಿಸಿದಮೇಲೆ ಬೇಡಿಕೆಗಳು ಒಂದೊಂದಾಗಿ ಮತಕ್ಕೆ ಹೋಗುವುವು. ಆ ಮತವು ಬೀಳುವವರೆಗೆ ಏಪ್ರಿಲ್ ತಿಂಗಳಿನ ಸಂಬಳದ ಹಣವನ್ನು ತೆಗೆಯಬೇಕಾದರೂ ಲೇಖಾನುದಾನಕ್ಕೆ ಸಭೆಯ ಒಪ್ಪಿಗೆ ಬೇಕು.